ಅವ್ವನ ರಿಪೋರ್ಟ್‌ನಲ್ಲಿ ಹರ್‌2 2+ ಅಂತಿದೆ, ನೆಟ್‌ನಲ್ಲಿ ಯಾವುದನ್ನು ನಂಬೋದು?

ರಾಣೆಬೆನ್ನೂರು_ಮಗಳು

ಅವ್ವನಿಗೆ 56 ವರ್ಷ. ಎದೆಯಲ್ಲಿ ಗಡ್ಡೆ ಇತ್ತು, ಬಯಾಪ್ಸಿ ಮಾಡಿಸಿದೆವು, ಕ್ಯಾನ್ಸರ್ ಅಂತ ಬಂತು. ರಿಪೋರ್ಟ್‌ನಲ್ಲಿ ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್‌2 2+ ಅಂತ ಬರೆದಿದ್ದಾರೆ. ಡಾಕ್ಟರ್ ಸಿಗೋದು ಸೋಮವಾರ. ಅಲ್ಲಿವರೆಗೆ ಸುಮ್ಮನೆ ಕೂರೋಕೆ ಆಗದೆ ಮೂರು ರಾತ್ರಿಯಿಂದ ಮೊಬೈಲ್ ಹಿಡಿದು ಓದುತ್ತಿದ್ದೇನೆ. ಒಂದು ಕಡೆ ಹರ್‌2 ಇದ್ದರೆ ಬೇಗ ಹರಡುತ್ತದೆ ಅಂತಿದೆ, ಇನ್ನೊಂದು ಕಡೆ ಅದರ ಇಂಜೆಕ್ಷನ್‌ಗೆ ಎಷ್ಟೋ ಸಾವಿರ ಡಾಲರ್ ಅಂತಿದೆ, ಓದಿ ಕೈಕಾಲು ತಣ್ಣಗಾಯಿತು. ಇದರ ಮಧ್ಯೆ ಕಾಕಾ ದಿನಾ ಲಕ್ಷ್ಮಣ ಫಲ ತಿಂದರೆ ಕ್ಯಾನ್ಸರ್ ವಾಸಿ ಅನ್ನುವ ವಿಡಿಯೊ ಕಳಿಸುತ್ತಾರೆ. ಪಕ್ಕದ ಮನೆಯವರು ಬಂದು, ಸೂಜಿ ಚುಚ್ಚಿಸಿದ್ದೇ ತಪ್ಪು, ಈಗ ಮೈಯೆಲ್ಲ ಹರಡುತ್ತದೆ ಅಂತ ಅವ್ವನ ಎದುರೇ ಹೇಳಿ ಹೋದರು.

ನಂಬಬಹುದಾದ ಜಾಗ ಯಾವುದಾದರೂ ಇದ್ದರೆ ಹೇಳಿ. ನನಗೆ ಇಂಗ್ಲಿಷ್ ಓದೋಕೆ ಬರುತ್ತದೆ, ಅವ್ವನಿಗೆ ಬರಲ್ಲ.

ಓಪಿಡಿ_ಬೆಂಚು

ತಂಗಿ, ಮೊದಲು ಒಂದು ವಿಷಯ. ಇಆರ್, ಪಿಆರ್ ಅಂದರೆ ಕ್ಯಾನ್ಸರ್ ಕಣದಲ್ಲಿ ಹಾರ್ಮೋನ್ ಹಿಡಿಯುವ ಗ್ರಾಹಕಗಳು, ಹರ್‌2 ಅಂದರೆ ಆ ಕಣದ ಮೇಲಿರುವ ಒಂದು ಪ್ರೋಟೀನ್. 2+ ಅಂದರೆ ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. 0 ಅಥವಾ 1+ ಬಂದರೆ ನೆಗೆಟಿವ್, 3+ ಬಂದರೆ ಪಾಸಿಟಿವ್, 2+ ಬಂದರೆ ತೀರ್ಮಾನ ಆಗಿಲ್ಲ ಅಂತ ಅರ್ಥ. ಸಾಮಾನ್ಯವಾಗಿ ಅದೇ ಬಯಾಪ್ಸಿ ಸ್ಯಾಂಪಲ್ ಮೇಲೆ ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಮಾಡಿ ನೋಡುತ್ತಾರೆ. ಸೋಮವಾರ ಡಾಕ್ಟರ್ ಹತ್ತಿರ ಅದನ್ನೇ ಕೇಳಿ. ಅಂದರೆ ನೀವು ಮೂರು ರಾತ್ರಿ ಓದಿದ್ದು ಇನ್ನೂ ಗೊತ್ತೇ ಆಗದ ಕಾಯಿಲೆಯ ಬಗ್ಗೆ! ನಾನೂ ಹಾಗೇ ಓದಿದವನು, ಹೆಂಡತಿಗೆ ಬಂದಾಗ.

ನಾನು ಕಲಿತದ್ದು ಇಷ್ಟು. ಬರೀ ಬ್ರೆಸ್ಟ್ ಕ್ಯಾನ್ಸರ್ ಅಂತ ಹುಡುಕಬೇಡಿ, ರಿಪೋರ್ಟ್‌ನಲ್ಲಿರುವ ಪದವನ್ನೇ ಹಾಕಿ ಹುಡುಕಿ. ಅಮೆರಿಕ ಸರ್ಕಾರದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಸೈಟ್‌ನಲ್ಲಿ ಒಂದೇ ವಿಷಯಕ್ಕೆ ರೋಗಿಗಳಿಗೆ ಒಂದು, ಡಾಕ್ಟರ್‌ಗಳಿಗೆ ಒಂದು ಅಂತ ಎರಡು ಪುಟ ಇರುತ್ತವೆ. ರೋಗಿಗಳದ್ದು ಓದಿ. ಯಾವಾಗ ತಿದ್ದಿದ್ದು ಅಂತ ತಾರೀಕೂ ಇರುತ್ತದೆ, ಅದು ಇಲ್ಲದ ಸೈಟನ್ನು ನಾನು ಮುಚ್ಚಿಬಿಡುತ್ತೇನೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಸೈಟಿನ ಭಾಷೆ ಇನ್ನೂ ಸುಲಭ.

ರೇಟ್ ಮಾತ್ರ ಅಲ್ಲಿ ನೋಡಲೇಬೇಡಿ. ಆ ಡಾಲರ್ ಲೆಕ್ಕ ಟ್ರಾಸ್ಟುಝುಮ್ಯಾಬ್ ಅನ್ನುವ ಇಂಜೆಕ್ಷನ್‌ದು. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದರ ಬಯೋಸಿಮಿಲರ್, ಅಂದರೆ ಅದೇ ಥರ ಕೆಲಸ ಮಾಡುವ ಕಡಿಮೆ ರೇಟಿನ ಔಷಧಿ ತಂದಿದೆ, ಈಗ ಬೇರೆ ಕಂಪನಿಗಳದ್ದೂ ಸಿಗುತ್ತದೆ. ಫಿಶ್ ಪಾಸಿಟಿವ್ ಬಂದರೂ ಡಾಲರ್ ನೋಡಿ ಹೆದರಬೇಡಿ. ಆ ಇಂಜೆಕ್ಷನ್ ನಡೆಯುವಾಗ ಹೃದಯದ ಎಕೋ ಆಗಾಗ ಮಾಡಿಸುತ್ತಾರೆ, ಹಾರ್ಟಿಗೂ ಏನೋ ಆಯಿತು ಅಂದುಕೊಳ್ಳಬೇಡಿ. ನಾವು ಅಂದುಕೊಂಡಿದ್ದೆವು.

ಬಿಸಿಲು_ಮಳೆ

ನಾನಂತೂ ನೆಟ್ ನೋಡಲೇಬೇಡಿ ಅಂತೀನಿ. ಅಪ್ಪನ ಕಾಯಿಲೆಗೆ ಐದು ವರ್ಷ ಬದುಕುವವರು ಶೇಕಡಾ ಇಷ್ಟೇ ಅಂತ ಓದಿದ ಮೇಲೆ ಅವರ ಮುಖ ನೋಡೋಕೆ ಆಗುತ್ತಿರಲಿಲ್ಲ.

ಓಪಿಡಿ_ಬೆಂಚು

ನಿಜ ಸರ್. ಆದರೆ ಆ ಲೆಕ್ಕದಲ್ಲಿರುವವರು ಎಷ್ಟೋ ವರ್ಷದ ಹಿಂದೆ ಟ್ರೀಟ್‌ಮೆಂಟ್ ತಗೊಂಡವರು, ಹೊಸ ಔಷಧಿ ಬಂದದ್ದು ಅದರಲ್ಲಿ ಪೂರ್ತಿ ಸೇರಿರಲ್ಲ. ನಾನು ಆ ಪುಟ ಬಿಟ್ಟು ಉಳಿದದ್ದು ಓದಿದೆ.

ನೈಟ್_ಡ್ಯೂಟಿ_ಸಿಸ್ಟರ್

ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಬಯಾಪ್ಸಿಯಿಂದ ಮೈಯೆಲ್ಲ ಹರಡುತ್ತದೆ ಅನ್ನೋದು ಸುಳ್ಳು. ಬಯಾಪ್ಸಿ ಮಾಡದೆ ಇಆರ್, ಪಿಆರ್, ಹರ್‌2 ಯಾವುದೂ ಗೊತ್ತಾಗಲ್ಲ, ಮತ್ತೆ ಯಾವ ಔಷಧಿ ಕೊಡಬೇಕು ಹೇಳಿ?

ಲಕ್ಷ್ಮಣ ಫಲದ ವಿಷಯ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಸೈಟಿನಲ್ಲಿ ಗಿಡಮೂಲಿಕೆಗಳಿಗೇ ಒಂದು ವಿಭಾಗ ಇದೆ. ಅರಿಶಿನ, ಅಶ್ವಗಂಧ, ಲಕ್ಷ್ಮಣ ಫಲ ಎಲ್ಲದರ ಬಗ್ಗೆ ಬರೆದಿದ್ದಾರೆ. ಲಕ್ಷ್ಮಣ ಫಲಕ್ಕೆ ಇರುವುದು ಲ್ಯಾಬ್ ಪ್ರಯೋಗಗಳು, ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡಿದ್ದಕ್ಕೆ ಪುರಾವೆ ಇಲ್ಲ, ಜಾಸ್ತಿ ತಿಂದರೆ ನರಗಳಿಗೇ ತೊಂದರೆ ಆಗಬಹುದು. ಪ್ಯಾಕ್ಲಿಟ್ಯಾಕ್ಸೆಲ್ ಥರದ ಕೀಮೋಗೆ ಮೊದಲೇ ಕೈಕಾಲು ಜೋಮು ಹಿಡಿಯುತ್ತದೆ, ಅದರ ಮೇಲೆ ಇದು ಬೇಕಾ? ಯಾರಾದರೂ ಏನೇ ಕೊಟ್ಟರೂ ಮುಚ್ಚಿಡಬೇಡಿ, ಡಾಕ್ಟರ್‌ಗೆ ಹೇಳಿ. ಬೈದರೆ ಬೈಸಿಕೊಳ್ಳಿ.

ಇದನ್ನು ಮಾತ್ರ ಫ್ರಿಜ್ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿ, ಅವ್ವನೂ ಓದಲಿ: ಕೀಮೋ ಶುರುವಾದ ಮೇಲೆ ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬಾರದು, ರಾತ್ರಿ ಎರಡು ಗಂಟೆ ಆದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಬಿಳಿ ರಕ್ತಕಣ ಕಡಿಮೆ ಇದ್ದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಒಂದು ಥರ್ಮಾಮೀಟರ್ ಇವತ್ತೇ ತನ್ನಿ. ಫೋನಿನಲ್ಲಿ ಕನ್ನಡಕ್ಕೆ ಅನುವಾದ ಮಾಡಿ ಓದಿಸಿದರೆ ಸರಿ, ಮಾತ್ರೆಯ ಪ್ರಮಾಣ ಮಾತ್ರ ಚೀಟಿ ನೋಡಿಯೇ ಕೊಡಿ.

ಹೊಸೂರು_ರಸ್ತೆ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ರೇಟಿನ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯ ಮಿತ್ರ ಡೆಸ್ಕ್ ಎಲ್ಲಿ ಅಂತ ಕೇಳಿ. ನಾವು ಅವಸರದಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ದುಡ್ಡು ಕಟ್ಟಿ ಸೇರಿಸಿದೆವು, ಆಮೇಲೆ ಕಾರ್ಡ್ ತೋರಿಸಿದರೆ ಈಗ ಆಗಲ್ಲ, ಸರ್ಕಾರಿ ಆಸ್ಪತ್ರೆ ರೆಫರಲ್ ಎಲ್ಲಿ ಅಂದರು. ಆ 80 ಸಾವಿರ ಹೋಯಿತು.

ಬೆಂಗಳೂರಿಗೆ ಓಡಾಡುವುದಾದರೆ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ತ್ರೀ ಏಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಸಹಾಯವಾಣಿ 1800 22 1951, ಕೊನೆಯ ನಾಲ್ಕು ಅಂಕಿ ಅವರು ಶುರುವಾದ ವರ್ಷ, ಹಾಗೇ ನೆನಪಿಟ್ಟುಕೊಂಡಿದ್ದೇನೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಓಪಿಡಿ ಸಾಲು ಉದ್ದ, ಬೆಳಗ್ಗೆ ಬೇಗ ಹೋಗಿ.

ಬಿಸಿಲು_ಮಳೆ

ರಾಣೆಬೆನ್ನೂರಿನವರೇ, ನಿಮಗೂ ನಿದ್ದೆ ಬೇಕು. ತೀರಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದೆ. ರೋಗಿ ನಾನಲ್ಲ ಅಂತ ಸಂಕೋಚ ಇತ್ತು, ಅವರೇನೂ ಹಾಗೆ ಅನ್ನಲಿಲ್ಲ.

ರಾಣೆಬೆನ್ನೂರು_ಮಗಳು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಡಾಕ್ಟರ್ ಸಿಕ್ಕರು, ನಾನು ಫಿಶ್ ಅಂದ ಕೂಡಲೇ ತಲೆ ಎತ್ತಿ ನೋಡಿ, ಬರೆದೇ ಇಟ್ಟಿದ್ದೇನೆ ಅಂದರು. ಸ್ಯಾಂಪಲ್ ಹೋಗಿದೆ. ಥರ್ಮಾಮೀಟರ್ ತಂದೆ, ಫ್ರಿಜ್ ಮೇಲಿನ ಚೀಟಿಯನ್ನು ಅವ್ವನೇ ತನ್ನ ಅಕ್ಷರದಲ್ಲಿ ಬರೆದಳು. ಕಾಕಾಗೆ ಲಕ್ಷ್ಮಣ ಫಲದ ಪುಟ ಕಳಿಸಿದ್ದೇನೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.