ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಮಾಲಾ ಗುಳಿಗೆ ತಗೋಬಹುದಾ?

ಪ್ರಶ್ನೆ (ಹುಬ್ಬಳ್ಳಿ, ಹೆಸರು ಹಾಕಿಲ್ಲ):
ಮೇಡಂ, ನಮಸ್ಕಾರ. ನನಗೆ 29 ವರ್ಷ. ಹೋದ ವರ್ಷ ಸಿಸೇರಿಯನ್ ಆಗಿ ಮಗ ಹುಟ್ಟಿದ. ಬಾಣಂತನಕ್ಕೆ ತವರುಮನೆಯಲ್ಲಿದ್ದಾಗ ಮೂರನೇ ವಾರಕ್ಕೆ ಎಡಗಾಲು ತೊಡೆಯ ತನಕ ಬಾತುಕೊಂಡಿತು. ವಾಯು ಇರಬೇಕು ಎಂದು ಎಣ್ಣೆ ಹಚ್ಚಿ ತಿಕ್ಕಿದರು. ಆಮೇಲೆ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಡಿವಿಟಿ, ಅಂದರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಗೊತ್ತಾಯಿತು. ಆರು ತಿಂಗಳು ರಕ್ತ ತೆಳು ಮಾಡುವ ಅಸಿಟ್ರಾಮ್ ಗುಳಿಗೆ ತಗೊಂಡೆ, ಈಗ ನಿಲ್ಲಿಸಿದ್ದಾರೆ. ಇನ್ನೊಂದು ಮಗು ಮೂರ್ನಾಲ್ಕು ವರ್ಷ ಬೇಡ. ಓಣಿಯ ಆಶಾ ಅಕ್ಕ ಮಾಲಾ-ಎನ್ ಕೊಟ್ಟಿದ್ದಾರೆ. ಕಾಲಿನ ವಿಷಯ ಅವರಿಗೆ ನಾನು ಹೇಳಿಲ್ಲ. ಹಾರ್ಮೋನ್ ಇಲ್ಲದ್ದು ಏನೇನಿದೆ?

ಉತ್ತರ (ಪ್ರಸೂತಿ ತಜ್ಞೆ, ಧಾರವಾಡ):
ಆ ಪ್ಯಾಕೆಟ್ ಒಡೆಯಬೇಡಿ ತಂಗಿ. ಹಾಗೇ ವಾಪಸ್ ಕೊಡಿ, ಯಾಕೆ ಎಂದೂ ಹೇಳಿ.

ಮಾಲಾ-ಎನ್‌ನಲ್ಲಿ ಎರಡು ಹಾರ್ಮೋನ್ ಇವೆ. ಅದರಲ್ಲಿ ಈಸ್ಟ್ರೋಜನ್ ಎಂಬುದೇ ನಿಮಗೆ ಆಗದ್ದು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ನಮ್ಮ ಲಿವರ್ ತಯಾರಿಸುತ್ತದೆ. ಈಸ್ಟ್ರೋಜನ್ ದೇಹದೊಳಗೆ ಹೋದರೆ ಅವು ಜಾಸ್ತಿ ಆಗುತ್ತವೆ. ಆರೋಗ್ಯವಾಗಿರುವ ಹುಡುಗಿಗೆ ಆ ಅಪಾಯ ತೀರ ಸಣ್ಣದು. ಒಮ್ಮೆ ಡಿವಿಟಿ ಆದವರಿಗೆ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗರ್ಭನಿರೋಧಕಗಳನ್ನು 1ರಿಂದ 4ರವರೆಗೆ ವಿಂಗಡಿಸುತ್ತದೆ. ಡಿವಿಟಿ ಆದವರಿಗೆ ಈ ಗುಳಿಗೆ 4ನೇ ಗುಂಪು, ಅಂದರೆ ಕೊಡಲೇಬಾರದು. ಅಸಿಟ್ರಾಮ್ ನಿಲ್ಲಿಸಿ ಎಷ್ಟು ದಿನ ಆದರೂ, ಕಾಲು ಪೂರ್ತಿ ಇಳಿದಿದ್ದರೂ ಇದು ಬದಲಾಗುವುದಿಲ್ಲ.

ನಿಮಗೆ ನನ್ನ ಮೊದಲ ಆಯ್ಕೆ ಕಾಪರ್-ಟಿ, ನಮ್ಮ ಕಡೆ ವಂಕಿ ಅಂತಾರಲ್ಲ, ಅದೇ. ಹಾರ್ಮೋನ್ ಚೂರೂ ಇಲ್ಲ. ತಾಮ್ರವೇ ವೀರ್ಯಾಣುಗಳನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಡಿವಿಟಿ ಆದವರಿಗೆ ಇದು 1ನೇ ಗುಂಪಿನಲ್ಲಿದೆ, ಅಂದರೆ ಯಾವ ಅಡ್ಡಿಯೂ ಇಲ್ಲ. 380ಎ ಎಂಬುದು 10 ವರ್ಷ, 375 ಎಂಬುದು 5 ವರ್ಷ ಬಾಳುತ್ತದೆ. ಮಗು ಬೇಕೆನಿಸಿದ ದಿನ ತೆಗೆಸಬಹುದು. ಮೊದಲ ವರ್ಷದಲ್ಲಿ ನೂರು ಜನರಲ್ಲಿ ಒಬ್ಬರಿಗೂ ಬಸಿರು ನಿಲ್ಲುವುದಿಲ್ಲ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ, ಧಾರವಾಡದ ಸಿವಿಲ್ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ನಿರೋಧ್ ಕೂಡ ಇದೆ. ಆದರೆ ದಿನನಿತ್ಯದ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಜೋಡಿಗಳಿಗೆ ಅದು ಕೈಕೊಡುತ್ತದೆ. ಒಂದೊಂದು ದಿನ ಬಿಟ್ಟುಹೋಗುವುದೂ ಅದಕ್ಕೆ ಕಾರಣ.

ಒಂದು ಮಾತು ಪಕ್ಕಕ್ಕೆ. ಒಂದೇ ಕಾಲು ಬಾತರೆ ಯಾವತ್ತೂ ತಿಕ್ಕಬೇಡಿ. ಒಳಗಿನ ರಕ್ತದ ಗಡ್ಡೆ ಸರಿದು ಶ್ವಾಸಕೋಶಕ್ಕೆ ಹೋಗಬಹುದು. ಹೆರಿಗೆ ಆದ ಮೊದಲ ಆರು ವಾರ ರಕ್ತ ಹೆಪ್ಪುಗಟ್ಟುವ ಅಪಾಯ ಹೇಗೂ ಜಾಸ್ತಿ. ಬಾಣಂತಿಗೆ ನೀರು ಕಡಿಮೆ ಕೊಟ್ಟು, ಹೊರಸಿನಿಂದ ಇಳಿಯಲು ಬಿಡದೆ ಮಲಗಿಸಿದರೆ ಅದು ಇನ್ನೂ ಏರುತ್ತದೆ. ಈ ಪದ್ಧತಿ ಬಗ್ಗೆ ನನ್ನ ಬಳಿ ಬರುವ ಅವ್ವಂದಿರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ!

ಅದೇ ಸದಸ್ಯೆ:
ಥ್ಯಾಂಕ್ಸ್ ಮೇಡಂ. ಅತ್ತೆಯವರು ಕಾಪರ್-ಟಿ ಬೇಡ ಅಂತಾರೆ. ಎದೆಗೆ ಏರುತ್ತದೆಯಂತೆ. ಜೊತೆಗೆ ನನಗೆ ಮುಟ್ಟು ಮೊದಲೇ ಜಾಸ್ತಿ. ಎರಡನೇ ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುತ್ತೇನೆ. ಹಿಮೋಗ್ಲೋಬಿನ್ 9.4 ಇದೆ.

ಉತ್ತರ:
ಅತ್ತೆಯವರಿಗೆ ಹೇಳಿ, ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಸಾವಿರದಲ್ಲಿ ಒಬ್ಬರಿಗೆ, ಹೆಚ್ಚಾಗಿ ಹಾಕುವಾಗಲೇ, ಗರ್ಭಕೋಶದ ಗೋಡೆ ದಾಟಿ ಹೊಟ್ಟೆಗೆ ಹೋಗುವುದುಂಟು. ಹಾಲುಣಿಸುವವರಿಗೆ ಆ ಸಾಧ್ಯತೆ ತುಸು ಹೆಚ್ಚು. ಅದಕ್ಕೇ ಕೈ ಪಳಗಿದವರ ಹತ್ತಿರ ಹಾಕಿಸಿ, ಮುಂದಿನ ಮುಟ್ಟು ಆದಮೇಲೆ ದಾರ ತೋರಿಸಿಕೊಳ್ಳಿ.

ಎರಡನೇ ವಿಷಯ ನಿಜವಾಗಿ ಯೋಚಿಸಬೇಕಾದದ್ದು. ಕಾಪರ್-ಟಿ ಹಾಕಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ ಆಗುತ್ತದೆ, ಹೊಟ್ಟೆನೋವೂ ಇರುತ್ತದೆ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಇರಬೇಕು, ನಿಮ್ಮದು 9.4. ಹಾಗಾಗಿ ಮೊದಲು ಇಷ್ಟೊಂದು ಯಾಕೆ ಹೋಗುತ್ತಿದೆ ಎಂದು ಸ್ಕ್ಯಾನ್, ಥೈರಾಯ್ಡ್ ನೋಡಿಸಿ. ಕಬ್ಬಿಣದ ಗುಳಿಗೆ ಶುರು ಮಾಡಿ. ಊಟ ಆದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದ್ದರೆ ಬಿಡಿ, ಕಬ್ಬಿಣ ಹತ್ತುವುದಿಲ್ಲ. ಅಲ್ಲಿಯ ತನಕ ನಿರೋಧ್.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವ ಜಾಗ. ಕಾಪರ್-ಟಿ ಹಾಕಿದ ಮೇಲೆ ರಕ್ತ ಜಾಸ್ತಿ ಹೋಗುತ್ತದೆ. ನೀವು ಮೆಡಿಕಲ್ ಅಂಗಡಿಗೆ ಹೋಗಿ "ಮುಟ್ಟು ಬಾಳ ಆಗ್ಯದ್ರೀ, ಏನಾರ ಕೊಡ್ರಿ" ಅಂತೀರಿ. ಅವರು ಟ್ರಾನೆಕ್ಸಾಮಿಕ್ ಆಸಿಡ್ ಇರುವ ಗುಳಿಗೆ ಕೊಡುತ್ತಾರೆ. ಅದು ಗಟ್ಟಿಯಾದ ರಕ್ತ ಕರಗದಂತೆ ತಡೆಯುವ ಔಷಧ. ಡಿವಿಟಿ ಆದವರು ಅದನ್ನು ಮುಟ್ಟಬಾರದು. ಹಾಗೆಯೇ ಸಿದ್ಧಾರೂಢರ ಜಾತ್ರೆ ಬಂತು, ಮನೆಯಲ್ಲಿ ಗೃಹಪ್ರವೇಶ ಇದೆ ಎಂದು ಮುಟ್ಟು ಮುಂದೂಡಲು ತಗೊಳ್ಳುತ್ತಾರಲ್ಲ, ನಾರೆಥಿಸ್ಟೆರಾನ್ ಗುಳಿಗೆ, ಅದೂ ನಿಮಗೆ ಬೇಡ. ಆ ಪ್ರಮಾಣದಲ್ಲಿ ತಗೊಂಡರೆ ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಮಾಲಾ ಬೇಡ ಎಂದು ಬಿಟ್ಟವರು ಹಿತ್ತಲ ಬಾಗಿಲಿನಿಂದ ಅದನ್ನೇ ಒಳಗೆ ಬಿಟ್ಟುಕೊಂಡಂತೆ.

ಕಾಪರ್-ಟಿ ಹಾಕಿದ ಮೇಲೂ ರಕ್ತ ತಡೆಯಲಾಗದಷ್ಟು ಹೋದರೆ ಇನ್ನೊಂದು ದಾರಿ ಇದೆ. ಲೆವೊನಾರ್ಜೆಸ್ಟ್ರೆಲ್ ಇರುವ ವಂಕಿ. ಇದರಲ್ಲಿ ಹಾರ್ಮೋನ್ ಇದೆ, ಆದರೆ ಈಸ್ಟ್ರೋಜನ್ ಇಲ್ಲ. ಕೆಲಸವೆಲ್ಲ ಹೆಚ್ಚಾಗಿ ಗರ್ಭಕೋಶದ ಒಳಗೇ. ಡಿವಿಟಿ ಆದವರಿಗೂ ಹಾಕಬಹುದು, ಮುಟ್ಟು ಕಡಿಮೆ ಆಗುತ್ತದೆ. ಹಾರ್ಮೋನ್ ಎಂಬ ಹೆಸರು ಕೇಳಿಯೇ ಅದನ್ನು ತಳ್ಳಿಹಾಕಬೇಡಿ. ನಿಮಗೆ ಅದೇ ಹೊಂದಬಹುದು.

ಗದಗದಿಂದ ಇನ್ನೊಬ್ಬರು:
ಅಕ್ಕಾರ, ಛಾಯಾ ಗುಳಿಗೆಯಲ್ಲಿ ಹಾರ್ಮೋನ್ ಇಲ್ಲ ಅಂತಾರಲ್ಲ? ನನಗೂ ಡಿವಿಟಿ ಆಗಿತ್ತು, ರಕ್ತ ತೆಳು ಮಾಡುವ ವಾರ್ಫರಿನ್ ಗುಳಿಗೆ ಇನ್ನೂ ನಡೆದಿದೆ. ಅಂತರಾ ಇಂಜೆಕ್ಷನ್ ಹೇಗೆ?

ಉತ್ತರ:
ಛಾಯಾ ಲಖನೌದ ಸಿಡಿಆರ್‌ಐನಲ್ಲಿ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾರ್ಮೋನ್ ಅಲ್ಲ ಎಂಬುದು ಸರಿ. ಆದರೆ ಈಸ್ಟ್ರೋಜನ್ ಎಲ್ಲಿ ಕೂರುತ್ತದೋ ಅಲ್ಲೇ ಇದೂ ಹೋಗಿ ಕೂರುತ್ತದೆ. ಇದೇ ಬಗೆಯ ಔಷಧಗಳಾದ ಟಾಮಾಕ್ಸಿಫೆನ್, ರಾಲೋಕ್ಸಿಫೆನ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತವೆ. ಹಾಗಾಗಿ ಡಿವಿಟಿ ಆದವರಿಗೆ ನಾನು ಛಾಯಾ ಬರೆಯುವುದಿಲ್ಲ. ಅಂತರಾದಲ್ಲಿ ಈಸ್ಟ್ರೋಜನ್ ಇಲ್ಲ, ಆದರೂ ನಿಮಗೆ ಬೇಡ ಅಂತೀನಿ. ಒಮ್ಮೆ ಚುಚ್ಚಿದರೆ ಮೂರು ತಿಂಗಳು ವಾಪಸ್ ತೆಗೆಯಲಾಗದು.

ವಾರ್ಫರಿನ್ ನಡೆದಿರುವಾಗ ಬರೀ ನಿರೋಧ್ ನಂಬಿಕೊಂಡು ಕೂರಬೇಡಿ. ಬಸಿರಾದ ಮೊದಲ ತಿಂಗಳುಗಳಲ್ಲಿ ಆ ಗುಳಿಗೆ ಮಗುವಿನ ಮೂಗು, ಮೂಳೆ ಬೆಳೆಯುವುದನ್ನು ಕೆಡಿಸಬಹುದು. ಮುಟ್ಟು ಒಂದು ವಾರ ತಪ್ಪಿದರೂ ಮನೆಯಲ್ಲೇ ಪರೀಕ್ಷೆ ಮಾಡಿ. ಎರಡು ಗೆರೆ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಹೆಪಾರಿನ್ ಇಂಜೆಕ್ಷನ್‌ಗೆ ಬದಲಿಸುತ್ತಾರೆ. ಕಾಪರ್-ಟಿ ಹಾಕಿಸಲು ಬರುವಾಗ ವಾರ್ಫರಿನ್ ನೀವಾಗಿ ನಿಲ್ಲಿಸಿ ಬರಬೇಡಿ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಹೊಸ ಐಎನ್‌ಆರ್ ರಿಪೋರ್ಟ್ ತನ್ನಿ, ಸಾಕು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಮೆಫೆನಾಮಿಕ್ ಬೇಡ.

ಹಾವೇರಿಯಿಂದ ಒಬ್ಬ ಗಂಡಸರು:
ನಮಗೆ ಎರಡು ಮಕ್ಕಳು, ಸಾಕು. ಹೆಂಡತಿಗೆ ಡಿವಿಟಿ ಆಗಿತ್ತು. ಅವಳಿಗೆ ಆಪರೇಷನ್ ಮಾಡಿಸೋದಾ?

ಉತ್ತರ:
ಕೇಳಿದ್ದು ಒಳ್ಳೆಯದಾಯಿತು ಸರ್. ನೀವು ಮಾಡಿಸಿಕೊಳ್ಳಿ. ಹೆಂಡತಿಗೆ ಹೊಟ್ಟೆ ತೆರೆಯಬೇಕು, ಮಲಗಬೇಕು, ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಪ್ರತಿಯೊಂದೂ ಅವಳಿಗೆ ಅಪಾಯದ್ದೇ. ನಿಮ್ಮದು ಹೊಲಿಗೆಯೂ ಇಲ್ಲದ ಎನ್‌ಎಸ್‌ವಿ, ಅಂದರೆ ಗಂಡಸರ ಸಂತಾನಹರಣ ಆಪರೇಷನ್. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಕಾಲು ಗಂಟೆಯ ಕೆಲಸ, ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ ತಗೊಳ್ಳಿ, ಒಂದು ವಾರ ಚೀಲ, ಮೂಟೆ ಎತ್ತಬೇಡಿ. ಶಕ್ತಿ ಹೋಗುತ್ತದೆ ಎಂಬುದು ಕಟ್ಟೆಯ ಮೇಲಿನ ಮಾತು. ಗಂಡಸರ ಹಾರ್ಮೋನ್ ಮೊದಲಿನ ಹಾಗೇ ರಕ್ತಕ್ಕೆ ಸೇರುತ್ತದೆ.

ಆದರೆ ಕೆಲಸ ಮುಗಿದ ದಿನದಿಂದಲೇ ನಿಶ್ಚಿಂತೆ ಅಲ್ಲ. ನಾಳದಲ್ಲಿ ಉಳಿದಿರುವ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ. ಬಹಳ ಜನ ಇದಕ್ಕೆ ವಾಪಸ್ ಬರುವುದೇ ಇಲ್ಲ. ವೀರ್ಯಾಣು ಇಲ್ಲ ಎಂದು ರಿಪೋರ್ಟ್ ಕೈಗೆ ಬರುವ ತನಕ ನಿರೋಧ್ ಬಿಡಬೇಡಿ.