ಅಪ್‌ಡೇಟ್: ಅರ್ಜಿಯಲ್ಲಿ ಕೊನೆಗೂ ಏನು ಬರೆದೆ

ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಿ ಐದು ವರ್ಷವಾದ ಮೇಲೂ ಹಳೆಯ ಎಸ್‌ಸಿ ಪ್ರಮಾಣಪತ್ರ ಇಟ್ಟು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದೆ. ಅಪ್ಪನಿಗೆ ವಾರಕ್ಕೆರಡು ಡಯಾಲಿಸಿಸ್, ಮೇಲೆ ಸಾಲ ಬೇರೆ. ಉತ್ತರಿಸಿದ ಎಲ್ಲರಿಗೂ ವಂದನೆ.

ಆ ಹಳೆಯ ಪತ್ರ ಇಟ್ಟು ಹಾಕಲಿಲ್ಲ. ಯಾರು ಎಸ್‌ಸಿ ಎಂದು ಹೇಳುವ 1950ರ ರಾಷ್ಟ್ರಪತಿ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರಾದ ನಮ್ಮನ್ನು ಸೇರಿಸಲಿಲ್ಲ. ಊರಿನಲ್ಲಿ ನಮ್ಮ ಕೇರಿ ಇದ್ದಲ್ಲೇ ಇದೆ, ಹಾಗಾಗಿ ಇದು ಅನ್ಯಾಯವೆಂದೇ ಈಗಲೂ ಹೇಳುತ್ತೇನೆ. ಆದರೆ ಅನ್ಯಾಯವನ್ನು ಪ್ರಶ್ನಿಸುವುದು ಬೇರೆ, ಯೇಸುವನ್ನು ಅರಿಯೆ ಎಂದು ಸಹಿ ಹಾಕುವುದು ಬೇರೆ.

ಆ ವಾರ ಬೈಬಲಿನ ದಾನಿಯೇಲನ ಪುಸ್ತಕದ ಮೂರನೇ ಅಧ್ಯಾಯವನ್ನೇ ಮತ್ತೆ ಮತ್ತೆ ಓದಿದೆ. ಬೆಂಕಿಯ ಮುಂದೆ ನಿಂತ ಆ ಮೂವರು, ದೇವರು ಬಿಡಿಸದೆ ಹೋದರೂ ರಾಜ ನಿಲ್ಲಿಸಿದ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಅಂದರಲ್ಲ, ಆ 'ಬಿಡಿಸದೆ ಹೋದರೂ' ನನ್ನನ್ನು ಹಿಡಿದು ನಿಲ್ಲಿಸಿತು. ಅಮ್ಮನಿಗೆ ಹೆದರುತ್ತಲೇ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಸುಳ್ಳು ಬರೆದು ತಂದ ಸಂಬಳದ ಗಂಜಿ ನನಗೆ ಬೇಡ ಮಗಾ" ಅಂದಳು. ಸೋದರಮಾವ ಮಾತ್ರ ಇನ್ನೂ ಮಾತಾಡುತ್ತಿಲ್ಲ.

ನಿಮ್ಮಲ್ಲೊಬ್ಬರು ತಿಳಿಸಿದ್ದು ನಿಜವಾಯಿತು: ಕ್ರೈಸ್ತರಾದ ಪರಿಶಿಷ್ಟ ಜಾತಿಯವರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರವರ್ಗ-1ರಲ್ಲಿ ಬರುತ್ತಾರೆ. ನಾಡಕಚೇರಿಗೆ ನಾಲ್ಕು ಸಲ ಅಲೆದು ಹೊಸ ಪ್ರಮಾಣಪತ್ರ ಪಡೆದೆ. ಪರೀಕ್ಷೆ ಬರೆದೆ, ಆಯ್ಕೆಯಾಗಲಿಲ್ಲ. ರಾತ್ರಿಯೆಲ್ಲ ಅತ್ತೆ.

ಈಗ ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಡಯಾಲಿಸಿಸ್ ದಿನ ಅಪ್ಪನನ್ನು ನಮ್ಮ ಚರ್ಚಿನ ಸಭೆಯ ಅಣ್ಣಂದಿರು ಸರದಿಯಲ್ಲಿ ಕರೆದೊಯ್ಯುತ್ತಾರೆ. ಮುಂದಿನ ಅಧಿಸೂಚನೆಗೆ ಓದುತ್ತಿದ್ದೇನೆ, ಅಪ್ಪನಿಗಾಗಿ ಪ್ರಾರ್ಥಿಸಿ.