ಸಾಮಿಲ್ಲಿನ ಮಾತು: ಅಡ್ಡೆ, ವಖಾರ, ಚಾಳ. ನಿಮ್ಮ ಕಡೆ ಏನಂತಾರೆ?

ಗೆಳೆಯರೇ, ಪುಣೆಯ ನಾವು ಕೆಲವು ಕನ್ನಡಿಗರು ಸೇರಿ ಒಂದು ಪುಟ್ಟ ಸಂಚಿಕೆ ತರುತ್ತಿದ್ದೇವೆ. ಅಳ್ನಾವರ, ದಾಂಡೇಲಿ ಕಡೆ ಸಾಮಿಲ್ಲುಗಳ ಸುತ್ತ ಬೆಳೆದ ಸಣ್ಣ ಊರುಗಳ ಬಗ್ಗೆ ಅದಕ್ಕೆ ನಾನು ಬರೆಯುತ್ತಿದ್ದೇನೆ. ನನ್ನ ತಾಯಿಯ ಕಡೆಯವರು ಅಲ್ಲಿ ದಿಮ್ಮಿ ಉರುಳಿಸಿದವರು, ಗರಗಸ ಎಳೆದವರು. ಕರಡು ಓದಿದ ಬೆಂಗಳೂರಿನ ಗೆಳೆಯರೊಬ್ಬರು ‘ಅಡ್ಡೆ’ ಅಂತ ಇದ್ದ ಕಡೆಯೆಲ್ಲ ‘ಮರ ಕೊಯ್ಯುವ ಕಾರ್ಖಾನೆ’ ಎಂದು ತಿದ್ದಿದ್ದಾರೆ. ಅಡ್ಡೆ ಅಂದರೆ ಜೂಜಿನ ಅಡ್ಡೆ ನೆನಪಾಗುತ್ತದಂತೆ.

ನನಗೆ ಇದು ಒಪ್ಪಿಗೆಯಿಲ್ಲ. ಹುಬ್ಬಳ್ಳಿ, ಧಾರವಾಡದಲ್ಲಿ ‘ಕಟ್ಟಿಗಿ ಅಡ್ಡೆ’ ಅಂದರೆ ಯಾರಿಗೂ ಜೂಜು ನೆನಪಾಗುವುದಿಲ್ಲ. ಮರ ಪೇರಿಸಿಟ್ಟು, ಕೊಯ್ದು, ಮಾರುವ ಜಾಗ ಅಷ್ಟೇ. ಕಾರ್ಖಾನೆ ಅಂದರೆ ದೊಡ್ಡ ಗೇಟು, ಸೈರನ್ನು ಕಣ್ಣಿಗೆ ಬರುತ್ತದೆ, ಅಲ್ವಾ? ದಾಂಡೇಲಿಯಲ್ಲಿ 1955ರಲ್ಲಿ ಶುರುವಾದ ಕಾಗದದ ಕಂಪನಿಗೆ ಆ ಮಾತು ಹೊಂದುತ್ತದೆ. ತಗಡಿನ ಮಾಡು, ಒಂದು ಬ್ಯಾಂಡ್ ಸಾ (ಪಟ್ಟಿ ಗರಗಸದ ಮಶೀನು), ಆ ಕಡೆ ನಾಲ್ಕಾರು ಮನೆ ಇರುವ ಜಾಗಕ್ಕೆ ಹೊಂದುವುದಿಲ್ಲ.

ಇಲ್ಲಿ ಪುಣೆಯಲ್ಲಿ ಅದೇ ಜಾಗಕ್ಕೆ ವಖಾರ ಅನ್ನುತ್ತಾರೆ. ಸೂರತ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಟ್ಟಿದ್ದ ಕೋಠಿಗೂ, ಅಂದರೆ ವ್ಯಾಪಾರದ ಮಳಿಗೆಗೂ, ಮರಾಠಿಯಲ್ಲಿ ವಖಾರ ಅಂತಲೇ ಹೆಸರು. ನಮ್ಮ ಅಜ್ಜಿ ವಖಾರ, ಅಡ್ಡೆ ಎರಡನ್ನೂ ಆಡುತ್ತಿದ್ದಳು. ಇದರಲ್ಲಿ ಆಶ್ಚರ್ಯವೇನಿಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರವರೆಗೆ ಅಲ್ಲೇ ಇತ್ತು. ಅಷ್ಟು ಕಾಲ ಆಡಳಿತ ಮುಂಬಯಿಯಿಂದ ನಡೆದ ಮೇಲೆ ನಾಟಾ ವ್ಯಾಪಾರದ ಮಾತಿನೊಳಗೆ ಮರಾಠಿ ಬರದೇ ಇರುತ್ತದೆಯೇ. ಕಾರ್ಮಿಕರ ಸಾಲು ಮನೆಗಳಿಗೆ ಅಲ್ಲಿ ‘ಚಾಳ’ ಅನ್ನುವುದೂ ಹೀಗೇ ಬಂದದ್ದು ಎಂದು ನನ್ನ ಎಣಿಕೆ. ಮಲೆನಾಡಿನ ಕಾಫಿ ತೋಟದವರಾದರೆ ‘ಲೈನ್ ಮನೆ’ ಅನ್ನುತ್ತಾರೆ. ನನ್ನ ಬರಹದಲ್ಲಿ ಕೆಲಸದ ಜಾಗ ಅಡ್ಡೆ, ಮನೆಗಳ ಸಾಲು ಚಾಳ ಎಂದೇ ಇಡಬೇಕೆಂದಿದ್ದೇನೆ. ಹೊಸ ಪದ ಕಟ್ಟುವುದು ಬೇಡ.

ಒಂದು ಕಡೆ ಮಾತ್ರ ಓದುಗರು ನಿಜಕ್ಕೂ ಎಡವಬಹುದು. ಹಿಂದಿಯಲ್ಲಿ ‘ಆರಾ’ ಅಂದರೆ ಗರಗಸ, ಪುಣೆಯ ಮರದ ಪೇಟೆಯಲ್ಲೂ ‘ಆರಾ ಮಶೀನ್’ ಅನ್ನುವುದು ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ‘ಅರ’ ಅಂದರೆ ಗರಗಸದ ಹಲ್ಲು ಮಸೆಯುವ ಉಕ್ಕಿನ ಸಲಕರಣೆ. ಮೇಲೆ ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ, ಆದರೆ ‘ಅರ’ ನಮ್ಮದೇ ಹಳೆಯ ಪದ, ತಮಿಳಿನಲ್ಲೂ ‘ಅರಮ್’ ಇದೆ. ಹಿರಿಯರೊಬ್ಬರು ‘ಅರ ಹಿಡಿದು ಕೂತರೆ ಸಂಜೆ ಆಗ್ತಿತ್ತು’ ಎಂದದ್ದನ್ನು ನಮ್ಮ ತಂಡದ ಹುಡುಗನೊಬ್ಬ ಮರ ಕೊಯ್ಯುವ ಕೆಲಸ ಎಂದೇ ಬರೆದುಕೊಂಡಿದ್ದ. ಅವರು ಹೇಳಿದ್ದು ಹಲ್ಲು ಮಸೆಯುವ ಕೆಲಸ. ಗರಗಸಕ್ಕೆ ಮರಾಠಿಯವರ ಪದ ‘ಕರವತ’. ಅದು ಸಂಸ್ಕೃತದ ಕರಪತ್ರದಿಂದ ಬಂದದ್ದು. ಕನ್ನಡದಲ್ಲಿ ಈಗ ಕರಪತ್ರ ಅಂದರೆ ಬೀದಿಯಲ್ಲಿ ಹಂಚುವ ಕಾಗದ!

ಕ್ರಿಯಾಪದ ಮಾತ್ರ ಗಟ್ಟಿಯಾಗಿ ಉಳಿದಿದೆ. ಕೊಡಲಿಯಿಂದ ಕಡಿಯುತ್ತಾರೆ, ಸೌದೆ ಸೀಳುತ್ತಾರೆ, ಗರಗಸದಿಂದ ಕೊಯ್ಯುತ್ತಾರೆ. ಬಸವಣ್ಣನವರ ವಚನದಲ್ಲೂ ಗರಗಸ ಹೋಗುತ್ತ, ಬರುತ್ತ ಕೊಯ್ಯುತ್ತದೆ. ಮಶೀನು ಬಂದ ಮೇಲೂ ಜನ ‘ದಿಮ್ಮಿ ಕೊಯ್ಸಿಕೊಂಡು ಬಾ’ ಅಂತಲೇ ಅಂದರು. ಹಾಗಾಗಿ ಇದನ್ನು ‘ಮರಗೆಲಸ’ ಎಂದು ತಿದ್ದಬಾರದು. ಅದು ಬಡಗಿಯ ಕೆಲಸ.

ಈಗ ನಿಮ್ಮಿಂದ ಬೇಕಾದದ್ದು. ಮಶೀನು ಬರುವ ಮೊದಲು ಗುಂಡಿ ತೋಡಿ, ದಿಮ್ಮಿಯನ್ನು ಅಡ್ಡ ಇಟ್ಟು, ಒಬ್ಬ ಮೇಲೆ ನಿಂತು ಒಬ್ಬ ಗುಂಡಿಯೊಳಗೆ ಇಳಿದು ಕೊಯ್ಯುತ್ತಿದ್ದರಲ್ಲ, ಆ ಮೇಲಿನವನಿಗೂ ಕೆಳಗಿನವನಿಗೂ ನಿಮ್ಮ ಕಡೆ ಬೇರೆ ಬೇರೆ ಹೆಸರಿತ್ತೇ? ಮರದ ಹೊಟ್ಟು ಎಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಕೆಳಗಿನವನಿಗೆ. ಗರಗಸ ಮರದಲ್ಲಿ ಸಿಕ್ಕಿಕೊಳ್ಳದಿರಲೆಂದು ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸುತ್ತಾರೆ. ಅದಕ್ಕೆ ‘ಸೆಟ್’ ಬಿಟ್ಟು ಬೇರೆ ಮಾತಿದೆಯೇ? ದಿಮ್ಮಿಯಿಂದ ಮೊದಲು ತೆಗೆಯುವ, ಒಂದು ಬದಿ ತೊಗಟೆ ಇರುವ ಹಲಗೆಗೆ ಏನಂತಾರೆ?

ಸುಮ್ನೆ ನಿಘಂಟು ನೋಡಿ ಹೇಳಬೇಡಿ. ಯಲ್ಲಾಪುರ, ಜೋಯಿಡಾ, ಹಳಿಯಾಳ, ಖಾನಾಪುರದ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೇ ಕೇಳಿ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ, ಕೇಂದ್ರದ ಒಪ್ಪಿಗೆಯಿಲ್ಲದೆ ಕಾಡಿನೊಳಗೆ ಸಾಮಿಲ್ ನಡೆಸಬಾರದು ಎಂದಿತು. ಕಾಡು ಉಳಿಯಲು ಅದು ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕೆಲಸ ಮಾಡಿದವರಿಗೆ ಈಗ ವಯಸ್ಸಾಗಿದೆ. ಅವರು ಕೊಂಕಣಿ, ಉರ್ದು ಬೆರೆಸಿ ಹೇಳಿದರೆ ಹಾಗೇ ಬರೆದು ಕಳಿಸಿ, ಯಾವ ಊರಿನ ಮಾತು ಅನ್ನುವುದನ್ನು ಮಾತ್ರ ಮರೆಯದೆ ಸೇರಿಸಿ.